ಕಿಂಕಾಜೂವಿಗೆ ಕನ್ನಡದಲ್ಲಿ ಏನೆನ್ನಬೇಕು: ನಮ್ಮ ಕಾಡಿನಲ್ಲಿಲ್ಲದ ಪ್ರಾಣಿಯನ್ನು ಪರಿಚಯಿಸುವ ಕ್ರಮ

ಹಲವು ವರ್ಷಗಳ ಹಿಂದೆ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕಲಿಸುತ್ತಿದ್ದಾಗ, ಮಳೆಗಾಲದ ಒಂದು ಶನಿವಾರ, ಮಕ್ಕಳ ಭಿತ್ತಿಪತ್ರಿಕೆಗೆ ನಾನೇ ಒಂದು ಟಿಪ್ಪಣಿ ಬರೆದು ಅಂಟಿಸಿದ್ದೆ. ದುಂಡು ಮುಖದ, ಹೊಂಬಣ್ಣದ ತುಪ್ಪಳದ ಪ್ರಾಣಿಯೊಂದರ ಚಿತ್ರ; ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ‘ಜೇನುಕರಡಿ’ ಎಂಬ ತಲೆಬರಹ. ಇಂಗ್ಲಿಷಿನಲ್ಲಿ ‘ಹನಿ ಬೇರ್’ ಎಂದಿದ್ದುದನ್ನು ಕನ್ನಡಕ್ಕೆ ತಂದಿದ್ದೆನೇ ಹೊರತು ಬೇರೇನನ್ನೂ ಯೋಚಿಸಿರಲಿಲ್ಲ. ಜೋಯಿಡಾ ಕಡೆಯಿಂದ ಬಂದು ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಆರನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಓದಿ, “ಅಕ್ಕೋರೇ, ನಮ್ಮ ಬದಿ ಕರಡಿ ಜೇನು ಕೀಳೂಕೆ ಬರ್ತದೆ. ಅದಕ್ಕೆ ಬಾಲ ಕಾಣೂದೇ ಇಲ್ಲ. ಇದಕ್ಕೆ ಮೈಯಷ್ಟೇ ಉದ್ದ ಬಾಲ ಅದೆಯಲ್ಲ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರ ಆ ಹಾಳೆಯನ್ನು ತೆಗೆದು ಬೇರೆ ಬರೆದೆ. ಆ ಎರಡನೆಯ ಹಾಳೆಯನ್ನು ಬರೆಯುವಾಗ ಕಲಿತದ್ದನ್ನು, ಶಾಲೆಯ ಗೋಡೆಗೋ ಸ್ಥಳೀಯ ಪತ್ರಿಕೆಗೋ ಇಂಥ ಟಿಪ್ಪಣಿ ಬರೆಯುವವರಿಗೆ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ಹೇಳುತ್ತಿದ್ದೇನೆ. ಉದಾಹರಣೆಯಾಗಿ ಕಿಂಕಾಜೂ ಎಂಬ ಅದೇ ಪ್ರಾಣಿಯನ್ನು ಇಟ್ಟುಕೊಂಡಿದ್ದೇನೆ, ಏಕೆಂದರೆ ಹೆಸರಿನ ವಿಷಯದಲ್ಲಿ ಇಷ್ಟೊಂದು ಬಗೆಯಲ್ಲಿ ಎಡವಿಸುವ ಇನ್ನೊಂದು ಪ್ರಾಣಿಯನ್ನು ನಾನು ಕಂಡಿಲ್ಲ.

ಮೊದಲು ಮೈ, ಆಮೇಲೆ ಹೆಸರು

ಬರೆಯಲು ಕುಳಿತಾಗ ಹೆಸರಿನ ಗೊಡವೆಗೆ ಹೋಗದೆ ಪ್ರಾಣಿಯ ಮೈಯನ್ನು ಮೊದಲು ಕಾಗದಕ್ಕೆ ಇಳಿಸಿಕೊಳ್ಳಬೇಕು. ಎಲ್ಲಿಯದು, ಎಷ್ಟು ದೊಡ್ಡದು, ಯಾವಾಗ ಓಡಾಡುತ್ತದೆ, ಏನು ತಿನ್ನುತ್ತದೆ, ಕಾಲು ಬಾಲ ನಾಲಿಗೆಗಳು ಹೇಗಿವೆ ಎಂಬಷ್ಟು ಸಾಕು. ಕಿಂಕಾಜೂ ಮೆಕ್ಸಿಕೋದ ದಕ್ಷಿಣ ಭಾಗದಿಂದ ಹಿಡಿದು ಮಧ್ಯ ಅಮೆರಿಕದ ಮೂಲಕ ಬೊಲಿವಿಯಾ ಮತ್ತು ಬ್ರೆಜಿಲ್‌ವರೆಗಿನ ಕಾಡುಗಳ ನಿವಾಸಿ. ತೂಕ ಸುಮಾರು 1.4ರಿಂದ 4.6 ಕಿಲೋಗ್ರಾಂ, ಅಂದರೆ ನಮ್ಮ ಮನೆಯ ಬೆಕ್ಕಿನ ಆಸುಪಾಸು. ತಲೆಯಿಂದ ಬಾಲದ ಬುಡದವರೆಗೆ 40ರಿಂದ 60 ಸೆಂಟಿಮೀಟರ್. ಬಾಲವೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಹಗಲೆಲ್ಲ ಮರದ ಪೊಟರೆಯಲ್ಲಿ ಮಲಗಿದ್ದು, ಹೊತ್ತು ಮುಳುಗಿದ ಮೇಲೆ ಹೊರಬಿದ್ದು, ಮರದಿಂದ ಮರಕ್ಕೆ ನಡೆದು ಹಣ್ಣು ತಿನ್ನುತ್ತದೆ. ಅದರ ಆಹಾರದ ಬಹುಪಾಲು ಮಾಗಿದ ಹಣ್ಣೇ. ಅದರಲ್ಲೂ ನಮ್ಮ ಆಲ, ಅತ್ತಿ, ಬಸರಿಗಳ ಕುಲಕ್ಕೆ ಸೇರಿದ ಮರಗಳ ಹಣ್ಣೆಂದರೆ ಅದಕ್ಕೆ ಬಲು ಇಷ್ಟ. ಉಳಿದದ್ದು ಎಲೆ ಮತ್ತು ಹೂವಿನ ಮಕರಂದ.

ಇಷ್ಟು ಬರೆದುಕೊಂಡ ಮೇಲೆ, ಬೇರೆ ಯಾವ ಪ್ರಾಣಿಯಲ್ಲೂ ಸುಲಭವಾಗಿ ಸಿಗದ ಒಂದು ಲಕ್ಷಣವನ್ನು ಹುಡುಕಬೇಕು. ಇಡೀ ಟಿಪ್ಪಣಿ ನಿಲ್ಲುವುದು ಅದರ ಮೇಲೆ. ಕಿಂಕಾಜೂವಿನಲ್ಲಿ ಅದು ಬಾಲ. ಅಳಿಲಿಗೂ ಬೆಕ್ಕಿಗೂ ಬಾಲವೆಂದರೆ ಹತ್ತುವಾಗ ತೂಕ ಸರಿದೂಗಿಸುವ ಸಾಧನ. ಕಿಂಕಾಜೂವಿಗೆ ಅದು ಐದನೆಯ ಕೈ. ಕೊಂಬೆಯ ತುದಿಯಲ್ಲಿ ಹಣ್ಣು ತೂಗುತ್ತಿದ್ದರೆ, ಅದು ಮೇಲಿನ ಕೊಂಬೆಗೆ ಬಾಲವನ್ನು ಸುತ್ತಿ, ಹಿಂಗಾಲುಗಳ ಹಿಡಿತವನ್ನೂ ಇಟ್ಟುಕೊಂಡು, ತಲೆಕೆಳಗಾಗಿ ಇಳಿಬಿದ್ದು, ಮುಂಗಾಲುಗಳಲ್ಲಿ ಹಣ್ಣನ್ನು ಹಿಡಿದು ಅಲ್ಲಿಯೇ ತಿನ್ನುತ್ತದೆ. ತಿಂದಾದ ಮೇಲೆ ಮೈಯನ್ನು ಮೇಲಕ್ಕೆ ಮಡಚಿ, ಹಗ್ಗ ಹತ್ತುವವರಂತೆ ತನ್ನ ಬಾಲವನ್ನೇ ಹಿಡಿದು ಕೊಂಬೆಗೆ ಮರಳಬಲ್ಲದು. ಹಿಂಗಾಲಿನ ಪಾದಗಳು ಹಿಂದುಮುಂದಾಗಿ ತಿರುಗುವುದರಿಂದ ಕಾಂಡದ ಮೇಲೆ ತಲೆ ಕೆಳಗೆ ಮಾಡಿಕೊಂಡು ಓಡಿ ಇಳಿಯುವುದೂ ಅದಕ್ಕೆ ಕಷ್ಟವಲ್ಲ. ನಾಲಿಗೆ ಸುಮಾರು 12 ಸೆಂಟಿಮೀಟರ್ ಉದ್ದವಿದ್ದು, ಹೂವಿನ ಆಳಕ್ಕೆ ಇಳಿದು ಮಕರಂದವನ್ನು ನೆಕ್ಕಿ ತರುತ್ತದೆ. ನಮ್ಮ ಬೂರುಗದ ಬಳಗಕ್ಕೇ ಸೇರಿದ ಬಾಲ್ಸಾ ಮರದ ದೊಡ್ಡ ಹೂವುಗಳು ರಾತ್ರಿ ಅರಳುವಂಥವು. ಅವುಗಳೊಳಗೆ ಮೂತಿಯಿಟ್ಟ ಕಿಂಕಾಜೂ ಮುಖದ ತುಂಬ ಪರಾಗ ಮೆತ್ತಿಕೊಂಡು ಮುಂದಿನ ಮರಕ್ಕೆ ಹೋಗುತ್ತದೆ. ದುಂಬಿಯ ಕೆಲಸವನ್ನು ಬೆಕ್ಕಿನಷ್ಟು ದೊಡ್ಡ ಪ್ರಾಣಿಯೊಂದು ಮಾಡುವುದನ್ನು ಹೇಳಿದರೆ ಮಕ್ಕಳು ಮತ್ತೆ ಮರೆಯುವುದಿಲ್ಲ.

ಬಳಗವನ್ನು ಹೇಳುವಾಗ ಒಂದು ಶಬ್ದದ ಬಗ್ಗೆ ಎಚ್ಚರ ಬೇಕು. ಕಿಂಕಾಜೂ ಇರುವುದು ಪ್ರೊಸಯೊನಿಡೇ ಎಂಬ ಕುಟುಂಬದಲ್ಲಿ, ಅಂದರೆ ರಕೂನ್ ಎಂಬ ಅಮೆರಿಕದ ಪ್ರಾಣಿಗಳ ಬಳಗದಲ್ಲಿ. ಆ ಕುಟುಂಬ ಇರುವುದು ಕಾರ್ನಿವೋರಾ ಎಂಬ ಗಣದಲ್ಲಿ. ಪಠ್ಯಪುಸ್ತಕದ ರೂಢಿಯಂತೆ ಇದನ್ನು ‘ಮಾಂಸಾಹಾರಿ ಗಣ’ ಎಂದು ಬರೆದು, ಮುಂದಿನ ಸಾಲಿನಲ್ಲಿಯೇ ‘ಇದು ಹಣ್ಣು ತಿಂದು ಬದುಕುತ್ತದೆ’ ಎಂದರೆ ಓದುವ ಮಗು ತಬ್ಬಿಬ್ಬಾಗುವುದು ಸಹಜ. ಗಣದ ಹೆಸರು ಊಟದ ವರ್ಣನೆಯಲ್ಲ, ವಂಶದ ಗುರುತು. ಆದ್ದರಿಂದ ‘ಬೆಕ್ಕು, ನಾಯಿ, ಕರಡಿಗಳ ಗಣ’ ಎಂದು ಬಿಡಿಸಿ ಬರೆಯುವುದು ಒಳ್ಳೆಯದು. ನಮ್ಮ ಕಬ್ಬೆಕ್ಕೂ ಅದೇ ಗಣದ್ದು, ಅದೂ ಬಾಳೆಹಣ್ಣಿಗೆ ಬೀಳುತ್ತದೆ.

ಒಂದೊಂದು ಹೆಸರಿನ ಹಿಂದೆ ಯಾರಿದ್ದಾರೆ

ಎರಡನೆಯ ಹಂತ ಹೆಸರುಗಳನ್ನು ಕೂಡಿಹಾಕುವುದು. ಸಿಕ್ಕಿದ ಮೊದಲ ಹೆಸರನ್ನು ಹಿಡಿದು ಓಡದೆ, ಸಿಕ್ಕಷ್ಟನ್ನೂ ಬರೆದುಕೊಂಡು, ಪ್ರತಿಯೊಂದರ ಮುಂದೆ ಅದನ್ನು ಇಟ್ಟವರು ಪ್ರಾಣಿಯ ನೆರೆಯವರೋ ದೂರದಿಂದ ಕೇಳಿ ಬರೆದವರೋ ಎಂದು ಗುರುತು ಹಾಕಬೇಕು. ಕಿಂಕಾಜೂವಿನ ಮಟ್ಟಿಗೆ ಈ ಕೆಲಸ ಪತ್ತೇದಾರಿಯಷ್ಟೇ ಸ್ವಾರಸ್ಯದ್ದು.

‘ಕಿಂಕಾಜೂ’ ಎಂಬ ಹೆಸರೇ ಈ ಪ್ರಾಣಿಯದಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳ ಅಲ್ಗಾಂಕಿಯನ್ ಭಾಷೆಗಳಲ್ಲಿ ವುಲ್ವರೀನ್ ಎಂಬ, ಹಿಮದ ನಾಡಿನ ಗಟ್ಟಿಮುಟ್ಟಾದ ಬೇಟೆಗಾರ ಪ್ರಾಣಿಗೆ ಇದ್ದ ಹೆಸರು ಫ್ರೆಂಚರ ಬಾಯಲ್ಲಿ ‘ಕ್ಯಾಂಕಜೂ’ ಎಂಬಂತಾಗಿ, ಅದು ಹೇಗೋ ದಕ್ಷಿಣದ ಮಳೆಕಾಡಿನ ಈ ಹಣ್ಣುಬಾಕನಿಗೆ ಅಂಟಿಕೊಂಡಿತು. ವುಲ್ವರೀನ್ ಇರುವ ಹಿಮಕಾಡುಗಳಿಗೂ ಕಿಂಕಾಜೂ ಇರುವ ಕಾಡುಗಳಿಗೂ ನಡುವೆ ಅರ್ಧ ಖಂಡದಷ್ಟು ದೂರ. ಕಾಶ್ಮೀರದ ಪ್ರಾಣಿಯ ಹೆಸರನ್ನು ಕಾರವಾರದ ಪ್ರಾಣಿಗೆ ಇಟ್ಟಂತೆ ಎಂದರೆ ಕಡಿಮೆಯೇ ಹೇಳಿದಂತಾಯಿತು.

ವೈಜ್ಞಾನಿಕ ಹೆಸರು ‘ಪೊಟೊಸ್ ಫ್ಲೇವಸ್’ ಕೂಡ ಈ ಗೊಂದಲದಿಂದ ಪಾರಾಗಿಲ್ಲ. 1774ರಲ್ಲಿ ಇದನ್ನು ಮೊದಲು ವಿವರಿಸಿದ ಜರ್ಮನ್ ನಿಸರ್ಗಶಾಸ್ತ್ರಜ್ಞ ಶ್ರೇಬರ್, ಇದನ್ನು ಮಡಗಾಸ್ಕರಿನ ಲೀಮರ್‌ಗಳ ಜೊತೆಗೆ ಸೇರಿಸಿ ‘ಲೀಮರ್ ಫ್ಲೇವಸ್’ ಎಂದು ಕರೆದರು. ಫ್ಲೇವಸ್ ಎಂದರೆ ಲ್ಯಾಟಿನ್‌ನಲ್ಲಿ ಹಳದಿ. 1795ರಲ್ಲಿ ಫ್ರಾನ್ಸಿನ ಜೆಫ್ರಾ ಸೇಂಟ್ ಇಲೇರ್ ಮತ್ತು ಕುವಿಯೇ ಇದಕ್ಕೆ ‘ಪೊಟೊಸ್’ ಎಂಬ ಬೇರೆ ಕುಲವನ್ನು ಮಾಡಿದರು, ಆ ಕುಲದಲ್ಲಿ ಇಂದಿಗೂ ಇದೊಂದೇ ಪ್ರಭೇದ. ಆದರೆ ‘ಪೊಟೊ’ ಎನ್ನುವುದು ಆಫ್ರಿಕಾದ ಇನ್ನೊಂದು ರಾತ್ರಿಪ್ರಾಣಿಯ ಹೆಸರು. ಅದು ನಮ್ಮ ಕಾಡುಪಾಪದ ಕುಟುಂಬದ್ದು. ನಮ್ಮ ಕಾಡುಪಾಪದ ಆಫ್ರಿಕದ ದಾಯಾದಿಯ ಹೆಸರನ್ನು ಅಮೆರಿಕದ ರಕೂನ್ ಬಳಗದ ಪ್ರಾಣಿ ಹೊತ್ತುಕೊಂಡಿದೆ ಎಂದು ತಿಳಿದ ದಿನ ನಾನು ಒಬ್ಬಳೇ ಕುಳಿತು ನಕ್ಕಿದ್ದೆ.

ಇನ್ನು ಪ್ರಾಣಿಯ ನೆರೆಯವರು ಇಟ್ಟ ಹೆಸರುಗಳನ್ನು ನೋಡಬೇಕು. ಬೆಲೀಜ್‌ನಲ್ಲಿ ಇದು ‘ನೈಟ್‌ವಾಕರ್’, ಅಂದರೆ ಇರುಳು ನಡೆಯುವುದು. ಸ್ಪ್ಯಾನಿಷ್ ಆಡುವ ಕೆಲವು ನಾಡುಗಳಲ್ಲಿ ‘ಮಿಕೊ ದೆ ನೋಚೆ’, ಅಂದರೆ ಇರುಳಿನ ಕೋತಿ. ಹೊಂಡುರಾಸ್ ಕಡೆ ‘ಮಿಕೊಲಿಯೋನ್’, ಕೋತಿ ಮತ್ತು ಸಿಂಹ ಎಂಬೆರಡು ಶಬ್ದಗಳ ಜೋಡಣೆ. ಮೆಕ್ಸಿಕೋದಲ್ಲಿ ‘ಮಾರ್ತುಚಾ’, ಬ್ರೆಜಿಲ್‌ನಲ್ಲಿ ‘ಜುಪರಾ’, ಕೊಲಂಬಿಯಾ ಕಡೆ ‘ಕುಸುಂಬೊ’. ಯುರೋಪಿನವರೋ, ಬಾಲವನ್ನು ಕಂಡು ಹೆಸರಿಟ್ಟವರು: ಜರ್ಮನರಿಗೆ ಇದು ‘ವಿಕಲ್‌ಬೇರ್’, ಸುತ್ತುವ ಕರಡಿ, ಡಚ್ಚರಿಗೆ ‘ರೋಲ್‌ಸ್ಟಾರ್ಟ್‌ಬೇರ್’, ಸುರುಳಿಬಾಲದ ಕರಡಿ. ಕರಡಿಯ ವಂಶವನ್ನು ತಪ್ಪಾಗಿ ಅಂಟಿಸಿದರೂ ಬಾಲದ ಮಟ್ಟಿಗೆ ಈ ಇಬ್ಬರೂ ನೆಟ್ಟಗೆ ನೋಡಿದ್ದಾರೆ ಎನ್ನಬೇಕು.

ಪಟ್ಟಿಯನ್ನು ಎದುರಿಗಿಟ್ಟುಕೊಂಡಾಗ ತಿಳಿಯುವುದು ಇಷ್ಟು: ಹೆಸರುಗಳ ಮಾತನ್ನು ನಂಬಿದರೆ ಈ ಪ್ರಾಣಿ ಕರಡಿ, ಕೋತಿ, ಸಿಂಹ, ಲೀಮರ್, ವುಲ್ವರೀನ್ ಎಲ್ಲವೂ ಹೌದು, ಮೈಯ ಮಾತನ್ನು ನಂಬಿದರೆ ಇವುಗಳಲ್ಲಿ ಒಂದೂ ಅಲ್ಲ.

ಇಂಥ ತಪ್ಪು ದೂರದ ಪ್ರಾಣಿಗೆ ಮಾತ್ರ ಆದದ್ದಲ್ಲ. ಜೋಯಿಡಾದ ಆ ಹುಡುಗಿ ಹೇಳಿದ ನಮ್ಮ ಕರಡಿಯನ್ನೇ 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬ ನಿಸರ್ಗಶಾಸ್ತ್ರಜ್ಞರು, ಅದರ ನೀಳ ಉಗುರುಗಳನ್ನೂ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳಿಲ್ಲದ್ದನ್ನೂ ಕಂಡು, ದಕ್ಷಿಣ ಅಮೆರಿಕದ ಸ್ಲಾತ್ ಎಂಬ ನಿಧಾನಪ್ರಾಣಿಯ ಬಳಗಕ್ಕೆ ಸೇರಿಸಿಬಿಟ್ಟರು. ಇಂಗ್ಲಿಷಿನಲ್ಲಿ ಅದು ಇಂದಿಗೂ ‘ಸ್ಲಾತ್ ಬೇರ್’. ಬೆಟ್ಟದಲ್ಲಿ ಸೊಪ್ಪು ತರಲು ಹೋಗಿ ಅದರಿಂದ ಓಡಿ ಬಂದವರಾರಿಗೂ ಅದು ನಿಧಾನಪ್ರಾಣಿಯಾಗಿ ಕಂಡಿರಲಾರದು.

ಅನುವಾದ ಮಾಡಬೇಕೆ, ಹಾಗೆಯೇ ಇಡಬೇಕೆ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಕನ್ನಡದಲ್ಲಿ ಮುಳ್ಳುಹಂದಿ ಹಂದಿಯಲ್ಲ, ಚಿಪ್ಪುಹಂದಿಯೂ ಹಂದಿಯಲ್ಲ. ಪುನುಗಿನ ಬೆಕ್ಕು ಬೆಕ್ಕಲ್ಲ. ರಾತ್ರಿ ಮರದಿಂದ ಮರಕ್ಕೆ ತೇಲುವ ದೊಡ್ಡ ಹಾರುವ ಅಳಿಲನ್ನು ಮಲೆನಾಡಿನಲ್ಲಿ ಹಾರುಬೆಕ್ಕು ಎನ್ನುತ್ತೇವೆ. ಕಾಳಿ ನದಿಯ ನೀರುನಾಯಿಯೂ ನಾಯಿಯಲ್ಲ. ಹೀಗಿರುವಾಗ ಜೇನುಕರಡಿ ಎಂದರೆ ಮಾತ್ರ ಏನು ಕೆಟ್ಟಿತು ಎಂದು ಕೇಳಬಹುದು. ನನ್ನ ಉತ್ತರ ಹೀಗಿದೆ. ಮುಳ್ಳುಹಂದಿ ಎಂಬ ಹೆಸರು ಹುಟ್ಟಿದ್ದು ಅದರ ಮುಳ್ಳನ್ನು ಗದ್ದೆಯ ಬದುವಿನಲ್ಲಿ ಹೆಕ್ಕಿದವರ ಬಾಯಲ್ಲಿ. ಪ್ರಾಣಿ ಕಣ್ಣೆದುರಿಗೆ ಇರುವುದರಿಂದ ಹೆಸರು ತುಸು ಸುಳ್ಳಾಡಿದರೂ ಯಾರೂ ಮೋಸಹೋಗುವುದಿಲ್ಲ. ಕಿಂಕಾಜೂ ನಮ್ಮ ಮಕ್ಕಳಿಗೆ ಕಾಗದದ ಮೇಲಷ್ಟೇ ಇರುವ ಪ್ರಾಣಿ. ಅಲ್ಲಿ ಹೆಸರೇ ಕಣ್ಣು. ಜೇನುಕರಡಿ ಎಂದು ಓದಿದ ಮಗು, ತಾನು ಕಂಡ ಅಥವಾ ಕೇಳಿದ ಕರಡಿಯನ್ನು ಸಣ್ಣದು ಮಾಡಿ ಮನಸ್ಸಿನಲ್ಲಿ ಕೂರಿಸಿಕೊಳ್ಳುತ್ತದೆ. ಮೇಲಾಗಿ ಜೇನು ಕೀಳುವ ನಿಜವಾದ ಕರಡಿಯೇ ನಮ್ಮ ಜಿಲ್ಲೆಯಲ್ಲಿ ಇದೆ, ಇಂಗ್ಲಿಷಿನವರು ಆಗ್ನೇಯ ಏಷ್ಯಾದ ಸನ್ ಬೇರ್ ಎಂಬ ನಿಜವಾದ ಕರಡಿಗೂ ಇದೇ ‘ಹನಿ ಬೇರ್’ ಎಂಬ ಅಡ್ಡಹೆಸರನ್ನು ಕೊಟ್ಟಿದ್ದಾರೆ. ಒಂದು ಹೆಸರಿಗೆ ಮೂರು ಪ್ರಾಣಿಗಳು ಸಾಲುಗಟ್ಟಿ ನಿಂತರೆ ಓದುವವರ ಗತಿಯೇನು?

ಆದ್ದರಿಂದ ನಾನು ಪಾಲಿಸುವ ಪದ್ಧತಿಯೆಂದರೆ, ಬೇರೆ ಪ್ರಾಣಿಯ ಹೆಸರನ್ನು ಒಳಗಿಟ್ಟುಕೊಂಡ ಅನುವಾದವನ್ನು ತಲೆಬರಹದಲ್ಲಿ ಬಳಸದೆ, ಮೂಲದ ಹೆಸರನ್ನೇ ಕನ್ನಡ ಅಕ್ಷರಗಳಲ್ಲಿ ಕೊಡುವುದು. ಅನುವಾದದ ಹೆಸರುಗಳನ್ನು ಟಿಪ್ಪಣಿಯೊಳಗೆ, ಯಾರು ಹಾಗೆ ಕರೆಯುತ್ತಾರೆ ಎಂಬುದರೊಡನೆ ಹೇಳುವುದು. ಕಾಂಗರೂ, ಜಿರಾಫೆ, ಚಿಂಪಾಂಜಿ, ಪಾಂಡಾ ಎಲ್ಲವೂ ಹೀಗೆಯೇ ಬಂದು ಕನ್ನಡದ ಮನೆಮಕ್ಕಳಾಗಿವೆ. ಹಿಮಕರಡಿಯಂಥ ಅನುವಾದವೂ ಚೆನ್ನಾಗಿಯೇ ನಿಂತಿದೆ, ಏಕೆಂದರೆ ಅದು ನಿಜವಾಗಿ ಕರಡಿ ಮತ್ತು ನಿಜವಾಗಿ ಹಿಮದಲ್ಲಿದೆ. ಕಿಂಕಾಜೂವಿಗೆ ಕನ್ನಡದ್ದೇ ಹೆಸರು ಬೇಕೇಬೇಕು ಎನ್ನುವವರಿಗೆ ‘ಸುರುಳಿಬಾಲ’ ಎಂದು ಅಡ್ಡಹೆಸರಾಗಿ ಸೂಚಿಸಬಲ್ಲೆ. ಅದರಲ್ಲಿ ಕರಡಿಯೂ ಇಲ್ಲ, ಕೋತಿಯೂ ಇಲ್ಲ. ಆದರೂ ಅದನ್ನು ತಲೆಬರಹಕ್ಕೆ ಏರಿಸಲು ನನಗೆ ಇನ್ನೂ ಮನಸ್ಸಾಗಿಲ್ಲ.

ಅಕ್ಷರ ಮತ್ತು ವಿಭಕ್ತಿ

ಹೆಸರನ್ನು ಉಳಿಸಿಕೊಳ್ಳುವುದೆಂದು ತೀರ್ಮಾನಿಸಿದ ಮೇಲೆ ಕಾಗುಣಿತದ ಪ್ರಶ್ನೆ ಬರುತ್ತದೆ. ಇಂಗ್ಲಿಷಿನ ಅಕ್ಷರಗಳನ್ನು ನೋಡಿ ‘ಕಿಂಕಜೌ’ ಎಂದು ಬರೆಯುವವರಿದ್ದಾರೆ. ಅದು ತಪ್ಪು, ಕೊನೆಯ ಧ್ವನಿ ದೀರ್ಘವಾದ ‘ಊ’. ಮೊದಲ ಅಕ್ಷರದ ಸೊನ್ನೆ ಮಾತ್ರ ನಮ್ಮ ಪಾಲಿಗೆ ವರದಾನ: ಕನ್ನಡದಲ್ಲಿ ‘ಕ’ಕಾರದ ಮುಂದಿರುವ ಸೊನ್ನೆಯನ್ನು ನಾವು ಹೇಗೆ ಉಚ್ಚರಿಸುತ್ತೇವೆಯೋ ಮೂಲದ ಉಚ್ಚಾರವೂ ಹಾಗೆಯೇ ಇದೆ. ನಡುವಿನ ಸ್ವರ ಇಂಗ್ಲಿಷರ ಬಾಯಲ್ಲಿ ಹಗುರ, ಹಾಗಾಗಿ ‘ಕಿಂಕಜೂ’ ಎಂದರೂ ಸರಿ. ಓದುವಾಗ ನಾಲಿಗೆ ತಡವರಿಸದಿರಲಿ ಎಂದು ನಾನು ‘ಕಿಂಕಾಜೂ’ ಎಂದು ಎಳೆದು ಬರೆಯುತ್ತೇನೆ.

ಕೊನೆಯ ದೀರ್ಘವನ್ನು ಬಿಡಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಉಚ್ಚಾರವೊಂದೇ ಅಲ್ಲ, ವಿಭಕ್ತಿ. ‘ಕಿಂಕಾಜು’ ಎಂದು ಹ್ರಸ್ವವಾಗಿ ಬರೆದುಕೊಟ್ಟು ನಮ್ಮ ಮಕ್ಕಳಿಗೆ ‘ಅದರ ಬಾಲ’ ಎನ್ನುವುದನ್ನು ಹೆಸರು ಸೇರಿಸಿ ಹೇಳಿ ಎಂದರೆ, ಗಾಜು ‘ಗಾಜಿನ’ ಆದಂತೆ, ಜೂಜು ‘ಜೂಜಿನ’ ಆದಂತೆ, ‘ಕಿಂಕಾಜಿನ ಬಾಲ’ ಎಂದೇ ಹೇಳುತ್ತಾರೆ. ಕನ್ನಡದ ಜಾಯಮಾನಕ್ಕೆ ಅದು ಸಹಜ. ಆದರೆ ಹೆಸರಿನ ಕೊನೆಯ ಸ್ವರವೇ ಅಲ್ಲಿ ಕರಗಿ ಹೋಯಿತು, ಪ್ರಾಣಿ ಕಿಂಕಾಜ್ ಆಯಿತು. ದೀರ್ಘವಿದ್ದರೆ ಹೂ ‘ಹೂವಿನ’ ಆದಂತೆ, ಕಾಂಗರೂ ‘ಕಾಂಗರೂವಿನ’ ಆದಂತೆ, ಕಿಂಕಾಜೂವಿನ, ಕಿಂಕಾಜೂವಿಗೆ, ಕಿಂಕಾಜೂವನ್ನು, ಕಿಂಕಾಜೂಗಳು ಎಂದು ತಾನಾಗಿಯೇ ಹರಿಯುತ್ತದೆ. ಹೊಸ ಹೆಸರನ್ನು ಕನ್ನಡಕ್ಕೆ ತರುವವರು ತಲೆಬರಹದ ರೂಪವನ್ನಷ್ಟೇ ನೋಡದೆ, ಅದಕ್ಕೆ ನಾಲ್ಕು ವಿಭಕ್ತಿ ಹಚ್ಚಿ, ಮಗುವೊಂದರಿಂದ ಗಟ್ಟಿಯಾಗಿ ಓದಿಸಿ ನೋಡಬೇಕು. ಎಲ್ಲಿ ಮುಗ್ಗರಿಸುತ್ತದೆಯೋ ಅಲ್ಲಿ ಕಾಗುಣಿತ ಬದಲಿಸಬೇಕು.

ತೋಟದಲ್ಲಿ ಕಂಡದ್ದು ಇದೇ ಎಂದು ಯಾರಾದರೂ ಬಂದರೆ

ಚಿತ್ರ ಗೋಡೆಗೆ ಏರಿದ ಮೇಲೆ ಈ ಹಂತ ತಪ್ಪದೆ ಬರುತ್ತದೆ, ಮೊಬೈಲಿನಲ್ಲಿ ವಿಡಿಯೋ ಹರಿದಾಡುವ ಈಗಿನ ಕಾಲದಲ್ಲಂತೂ ಅದಕ್ಕೆ ತಯಾರಾಗಿಯೇ ಇರಬೇಕು. ನಮ್ಮ ಪಕ್ಕದ ತೋಟದ ಹಿರಿಯರೊಬ್ಬರು ಕಿಂಕಾಜೂವಿನ ವಿಡಿಯೋ ಒಂದನ್ನು ತಂದು, “ತಂಗೀ, ನಮ್ಮನೆ ಬಾಳೆಗೊನೆ ತಿಂದು ಹೋಪದು ಇದೇಯಾ ನೋಡು” ಎಂದಿದ್ದರು. ಹಿರಿಯರಿಗೆ ಅಲ್ಲವೆಂದು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಮೇಲೆಂದು, ಅವರ ಜೊತೆಗೇ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿಕೊಂಡು ಒಂದು ರಾತ್ರಿ ತೋಟದ ಕಾಲುವೆಯ ದಂಡೆಯಲ್ಲಿ ಕಾದೆ. ಒಂಬತ್ತೂವರೆಯ ಹೊತ್ತಿಗೆ ಬಾಳೆಯ ಎಲೆಯೊಂದು ಬಾಗಿ, ಗೊನೆಯ ಮೇಲೆ ಕಂದು ಬಣ್ಣದ ಒಂದು ಮೈ ಕುಳಿತಿತು. ಅದು ಬಂದದ್ದು ಪಕ್ಕದ ಅಡಿಕೆ ಮರದಿಂದಲೋ ನೆಲದಿಂದಲೋ ನಮಗೆ ಕಾಣಲಿಲ್ಲ. ಬೆಳಕು ಬಿಟ್ಟಾಗ ಕಣ್ಣು ಹೊಳೆದವು. ಅದು ತಿನ್ನುವುದನ್ನು ನಿಲ್ಲಿಸಿ ನಮ್ಮನ್ನು ನೋಡಿತು, ಮತ್ತೆ ತಿನ್ನತೊಡಗಿತು. ನಾವು ನೋಡಿದ್ದು ಬಾಲವನ್ನು. ಅದು ಗೊನೆಯ ದಿಂಡಿಗೆ ಸುತ್ತಿರಲಿಲ್ಲ. ಉದ್ದಕ್ಕೆ ಹಿಂದೆ ಚಾಚಿಕೊಂಡು, ಪ್ರಾಣಿ ಬಾಗಿದಾಗಲೆಲ್ಲ ಅತ್ತಿತ್ತ ತೂಗುತ್ತಿತ್ತು. ಕೊನೆಗೆ ಅದು ಕಾಲುಗಳ ಬಲದಿಂದಲೇ ತಿರುಗಿ, ಬಾಲವನ್ನು ಎಳೆದುಕೊಂಡು ಕತ್ತಲಿಗೆ ಇಳಿಯಿತು. “ಕಬ್ಬೆಕ್ಕೇಯ” ಎಂದು ಹಿರಿಯರೇ ಹೇಳಿದರು.

ನಮ್ಮ ಕಡೆ ಕಿಂಕಾಜೂ ಎಂದು ಭ್ರಮೆ ಹುಟ್ಟಿಸಬಲ್ಲ ಪ್ರಾಣಿಗಳು ನಾಲ್ಕೋ ಐದೋ. ಎಲ್ಲಕ್ಕಿಂತ ಹತ್ತಿರದ ಹೋಲಿಕೆ ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಇರುವ ಕಂದು ಕಬ್ಬೆಕ್ಕಿನದು, ಏಕೆಂದರೆ ಅದರ ಮೈಮೇಲೆ ಪಟ್ಟೆಯಾಗಲಿ ಚುಕ್ಕೆಯಾಗಲಿ ಇರುವುದಿಲ್ಲ. ಸಾಮಾನ್ಯ ಕಬ್ಬೆಕ್ಕಿನ ಮುಖದಲ್ಲಿ ಮುಖವಾಡದಂಥ ಗುರುತು ಇರುತ್ತದೆ. ಪುನುಗಿನ ಬೆಕ್ಕಿನ ಬಾಲದಲ್ಲಿ ಬಳೆ ತೊಡಿಸಿದಂತೆ ಉಂಗುರಗಳಿದ್ದು, ಅದು ಹೆಚ್ಚಾಗಿ ನೆಲದ ಮೇಲೆಯೇ ಓಡಾಡುತ್ತದೆ. ಕಾಡುಪಾಪಕ್ಕೆ ಬಾಲವೇ ಕಾಣುವುದಿಲ್ಲ. ಹಾರುಬೆಕ್ಕು ಒಮ್ಮೆ ತೇಲಿತೆಂದರೆ ಮತ್ತೆ ಅನುಮಾನವೇ ಉಳಿಯದು. ಯಾವುದೇ ಆಗಿರಲಿ, ಪರೀಕ್ಷೆ ಒಂದೇ: ಬಾಲ ಕೊಂಬೆಯನ್ನು ಹಿಡಿಯುತ್ತದೆಯೋ ಇಲ್ಲವೋ. ಇಡೀ ಕಾರ್ನಿವೋರಾ ಗಣದಲ್ಲಿ ಹಾಗೆ ಹಿಡಿಯುವ ಬಾಲವಿರುವುದು ಕಿಂಕಾಜೂವಿಗೆ ಮತ್ತು ಬಿಂಟುರಾಂಗ್‌ಗೆ ಮಾತ್ರ. ಬಿಂಟುರಾಂಗ್ ನಮ್ಮ ಕಬ್ಬೆಕ್ಕಿನದೇ ಕುಟುಂಬದ್ದಾದರೂ ಭಾರತದಲ್ಲಿ ಅದು ಇರುವುದು ಈಶಾನ್ಯ ರಾಜ್ಯಗಳ ಕಾಡುಗಳಲ್ಲಿ. ನಿಜವಾದ ಕಿಂಕಾಜೂ ಎಲ್ಲಿಯಾದರೂ ನಮ್ಮಲ್ಲಿ ಕಂಡಿತೆಂದರೆ ಅದು ಯಾರೋ ತಂದು ಸಾಕಿದ್ದು ಎಂದೇ ಅರ್ಥ. ಹೊಂಡುರಾಸ್ ದೇಶ ಇದನ್ನು, ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಮೂರನೆಯ ಅನುಬಂಧದಲ್ಲಿ ಸೇರಿಸಿದೆ, ಸೈಟ್ಸ್ ಪಟ್ಟಿಯ ಪ್ರಾಣಿಗಳನ್ನು 2022ರ ತಿದ್ದುಪಡಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಳಗೆ ತಂದಿದೆ. ಹಾಗಾಗಿ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸುವುದೇ ಸರಿ. ವಿಡಿಯೋಗಳಲ್ಲಿ ಸೋಫಾದ ಮೇಲೆ ಕುಳಿತ ಕಿಂಕಾಜೂವನ್ನು ಕಂಡು ಮುದ್ದು ಬರುವುದು ನಿಜ. ಆದರೆ ಅದು ರಾತ್ರಿ ಪೂರ್ತಿ ಎಚ್ಚರವಿರುವ, ಚೂಪಾದ ಕೋರೆಹಲ್ಲಿನ ಕಾಡುಪ್ರಾಣಿ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಚಿತ್ರ ಆರಿಸುವಾಗ

ಟಿಪ್ಪಣಿಗೆ ಚಿತ್ರ ಹುಡುಕುವವರು ಮುಖದ ಚಿತ್ರಕ್ಕೆ ಮರುಳಾಗಬಾರದು. ಓಲಿಂಗೋ ಎಂಬ ಅದೇ ಬಳಗದ ಇನ್ನೊಂದು ಪ್ರಾಣಿ ಮುಖ, ಬಣ್ಣ, ಗಾತ್ರಗಳಲ್ಲಿ ಕಿಂಕಾಜೂವನ್ನೇ ಹೋಲುತ್ತದೆ, ಅದರ ಬಾಲ ಮಾತ್ರ ಕೊಂಬೆಯನ್ನು ಹಿಡಿಯುವುದಿಲ್ಲ. ಈ ಬಳಗದಲ್ಲಿ ತಜ್ಞರೂ ಎಡವಿದ್ದಾರೆ. ಆಂಡಿಸ್ ಪರ್ವತಗಳ ಮಂಜುಕಾಡಿನ ಓಲಿಂಗಿಟೊ ಎಂಬ ಪ್ರಾಣಿ ಬೇರೆಯೇ ಪ್ರಭೇದವೆಂದು ಸ್ಮಿತ್‌ಸೋನಿಯನ್ ಸಂಸ್ಥೆಯ ಕ್ರಿಸ್ಟೋಫರ್ ಹೆಲ್ಗೆನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸುವವರೆಗೆ, ಅದರ ಚರ್ಮ ಮತ್ತು ತಲೆಬುರುಡೆಗಳು ಓಲಿಂಗೋ ಎಂಬ ಚೀಟಿ ಹೊತ್ತು ವಸ್ತುಸಂಗ್ರಹಾಲಯದ ಪೆಟ್ಟಿಗೆಗಳಲ್ಲಿ ದಶಕಗಟ್ಟಲೆ ಇದ್ದವು. ಅದಕ್ಕೂ ಮುಂಚೆ ಜೀವಂತ ಓಲಿಂಗಿಟೊ ಒಂದು ಅಮೆರಿಕದ ಮೃಗಾಲಯಗಳಲ್ಲಿ ಊರಿಂದೂರಿಗೆ ಅಲೆದಿತ್ತು. ಅದು ಓಲಿಂಗೋಗಳ ಜೊತೆ ಕೂಡಿ ಮರಿ ಹಾಕುತ್ತಿಲ್ಲವೇಕೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಹಾಗಾಗಿ ಬಾಲ ಕೊಂಬೆಗೆ ಸುತ್ತಿರುವುದು ಸ್ಪಷ್ಟವಾಗಿ ಕಾಣುವ ಚಿತ್ರವನ್ನೇ ಆರಿಸಿ, ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ಮನೆಬೆಕ್ಕಿನ ಗೆರೆಚಿತ್ರವನ್ನು ಮಕ್ಕಳಿಂದಲೇ ಬರೆಯಿಸುವುದು ನನ್ನ ಕ್ರಮ.

ನಾನು ಎರಡನೆಯ ಸಲ ಗೋಡೆಗೆ ಅಂಟಿಸಿದ ಟಿಪ್ಪಣಿಯ ತಿದ್ದಿದ ರೂಪ ಹೀಗಿದೆ. ಬೇಕಾದವರು ಇದನ್ನೇ ಬಳಸಿಕೊಳ್ಳಬಹುದು.

“ಕಿಂಕಾಜೂ. ಇದು ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಕಾಡುಗಳಲ್ಲಿ ಮರದ ಮೇಲೆ ಬದುಕುವ ಪ್ರಾಣಿ. ಗಾತ್ರದಲ್ಲಿ ಮನೆಯ ಬೆಕ್ಕಿನಷ್ಟು. ಬಾಲ ಮೈಯಷ್ಟೇ ಉದ್ದ. ಬೆಕ್ಕು, ನಾಯಿ, ಕರಡಿಗಳ ಗಣಕ್ಕೆ ಸೇರಿದ್ದರೂ ಇದು ಬೆಕ್ಕಲ್ಲ, ಕರಡಿಯಲ್ಲ, ರಕೂನ್‌ಗಳ ಬಳಗದ್ದು. ಹಗಲು ಪೊಟರೆಯಲ್ಲಿ ಮಲಗಿ, ರಾತ್ರಿ ಹಣ್ಣು ತಿನ್ನುತ್ತದೆ, ಉದ್ದ ನಾಲಿಗೆಯಿಂದ ಹೂವಿನ ಮಕರಂದ ನೆಕ್ಕುತ್ತದೆ. ಬಾಲವನ್ನು ಕೊಂಬೆಗೆ ಸುತ್ತಿ ತಲೆಕೆಳಗಾಗಿ ತೂಗಬಲ್ಲದು. ತಾಯಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಜೇನಿನ ಕರಡಿ’ ಎಂಬ ಅಡ್ಡಹೆಸರಿದೆ, ಬೆಲೀಜ್ ದೇಶದವರು ‘ಇರುಳು ನಡೆಯುವುದು’ ಎನ್ನುತ್ತಾರೆ. ನಮ್ಮ ತೋಟದ ಕಬ್ಬೆಕ್ಕೂ ಇದರಂತೆ ರಾತ್ರಿ ಹಣ್ಣು ತಿನ್ನುತ್ತದೆ. ಆದರೆ ಅದರ ಬಾಲ ಕೊಂಬೆಯನ್ನು ಹಿಡಿಯುವುದಿಲ್ಲ. ಇಂದು ರಾತ್ರಿ ಮನೆಯವರ ಜೊತೆ ಹೋಗಿ ನೋಡಿ, ನಾಳೆ ಬಂದು ಹೇಳಿ.”

ಕೊನೆಯ ವಾಕ್ಯವನ್ನು ಹಾಕುವವರು ಮಳೆಗಾಲದಲ್ಲಿ ಅದನ್ನು ತೆಗೆದುಬಿಡಬೇಕು. ಜಿಗಣೆ ಕಚ್ಚಿಸಿಕೊಂಡು ಬಂದ ಮಕ್ಕಳ ಮನೆಯವರಿಗೆ ನಾನು ಒಮ್ಮೆ ಸಮಾಧಾನ ಹೇಳಬೇಕಾಗಿ ಬಂದಿತ್ತು.